ಗಡಿಗೆಯಲ್ಲಿ ಕಳಿಸಿದ ಹಾವು

ಕುರುಗೋಡು,
ಸರ್ವಜಿತು ಸಂವತ್ಸರ, ಭಾದ್ರಪದ ಶುದ್ಧ ದಶಮಿ (ಇಸವಿ ೧೮೮೭)

ಸಿರುಗುಪ್ಪದ ಗೆಳೆಯ, ಬೀಗ ಓಬಳೇಶಪ್ಪನಿಗೆ ಹೊನ್ನೂರಪ್ಪನ ನಮಸ್ಕಾರ.

ನಾವು ಕ್ಷೇಮ ಎಂದು ಬರೆಯುವುದು ವಾಡಿಕೆ. ಕ್ಷೇಮವಿಲ್ಲ, ಬರೆಯುವುದಿಲ್ಲ. ಉತ್ತರ ತಡವಾಯಿತು. ಸಾಲಿ ಅರ್ಧಕ್ಕೇ ಬಿಟ್ಟ ಕೈ ನನ್ನದು, ಸಿಟ್ಟಿನಲ್ಲಿ ಬರೆಯಲು ಕೂತರೆ ಲೆಕ್ಕಣಿಕೆಯ ಮೊನೆ ಮುರಿಯುತ್ತದೆ.

ಮನೆಗೆ ನಾಗರ ಬಂತು, ಅದಕ್ಕೆ ನನ್ನ ಮಗಳು ಪಾರಮ್ಮನ ನಾಗದೋಷವೇ ಕಾರಣ ಎಂದು ನೀನು ಅವಳನ್ನು ತವರಿಗೆ ಅಟ್ಟಿದೆ. ಈಗ ನಿನ್ನ ಮಗ ಚಂದ್ರಣ್ಣನಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದೇನೆ ಎಂದು ಬರೆದಿದ್ದೀಯ. ಯಾವ ನಾಗರವಪ್ಪಾ ಅದು? ಶ್ರಾವಣದ ಮಳೆಗೆ ನಿಮ್ಮ ಹಿತ್ತಲಿಗೆ ಬಂದ ಹಾವು ಹೆಡೆ ಅಗಲಿಸಿತೆಂದು ಅಳಿಯ ಬಡಿಗೆ ಎತ್ತಿದ. ಪಾರಮ್ಮ ಕೂಗಿಕೊಂಡಳಂತೆ: "ಮಾವಾ, ಹೊಡೀಬ್ಯಾಡ ಅನ್ರಿ! ಮೈ ಹಸರೈತಿ ನೋಡ್ರಿ, ನಮ್ಮಪ್ಪ ಹೇಳ್ತಿದ್ದ ಹುಲ್ಲುಹಾವು ಇದು."

ನೀನು ಅಂದದ್ದು: "ನಿಮ್ಮಪ್ಪಂದು ಬರೀ ಸುಳ್ಳು. ಹಸರ ಹಾವು ಎಲ್ಲ್ಯಾರ ಹೆಡಿ ತಗೀತೈತೇನವ್ವಾ?"

ಹೊಡೆದು ಕೊಂದಿರಿ. ಬಳ್ಳಾರಿಯಿಂದ ಗಾಡಿ ಕಟ್ಟಿಸಿ ಶಾಸ್ತ್ರಿಗಳನ್ನು ಕರೆಸಿದಿರಿ. ಗಂಧದ ಚಕ್ಕೆ, ತುಪ್ಪ ಹಾಕಿ ಸುಟ್ಟಿರಿ. ಕಪ್ಪೆ ತಿಂದುಕೊಂಡಿರುವ, ವಿಷವಿಲ್ಲದ ಹುಲ್ಲುಹಾವಿಗಾಗಿ ತಲೆ ಬೋಳಿಸಿಕೊಂಡವನು ಈ ಸೀಮೆಯಲ್ಲಿ ನನ್ನ ಅಳಿಯನೊಬ್ಬನೇ.

ನಿಜ, ಹನ್ನೊಂದು ವರ್ಷದ ಹಿಂದಿನ ಧಾತು ಸಂವತ್ಸರದ ಬರದಿಂದೀಚೆಗೆ ಆ ಜಾತಿಯ ಹಾವನ್ನು ಯಾರೂ ಕಂಡಿರಲಿಲ್ಲ. ಅದರ ಕುಲವೇ ಹೋಯಿತೆಂದು ನಾನೂ ತಿಳಿದಿದ್ದೆ. ಮೊನ್ನೆ ಮಳೆ ನಿಂತ ಮೇಲೆ ಗುಡ್ಡದ ಬುಡದ ಹುಲ್ಲಿನಲ್ಲಿ ಅದೇ ಜಾತಿಯದೊಂದು ಸಿಕ್ಕಿತು. ಹುಲ್ಲಿನದೇ ಬಣ್ಣ, ಕುತ್ತಿಗೆಯ ಮೇಲೆ ಕಪ್ಪು ಗೀರು. ನನ್ನನ್ನು ಕಂಡು ಕುತ್ತಿಗೆ ಅಗಲಿಸಿತು. ಎತ್ತಿಕೊಂಡು ಮನೆಗೆ ತಂದೆ. ಮುಂಗೈಗೆ ಸುತ್ತಿಕೊಂಡಿತೇ ಹೊರತು ಕಚ್ಚಲಿಲ್ಲ. ನನ್ನ ಹೆಂಡತಿ ದೊಡ್ಡಬಸಮ್ಮ ಮಾತ್ರ ಓಣಿಗೆಲ್ಲ ಕೇಳುವಂತೆ ಅರಚಿದಳು: "ಮುದುಕಗ ಹುಚ್ಚ ಹಿಡದೈತ್ರೋ! ಮಗಳ ಬಾಳ ಹಾಳಾಗಿದ್ದು ಸಾಲದೇನು, ನನ್ನ ತಾಳೀನೂ ಹರೀತೀಯೇನು?"

ಆ ಹಾವನ್ನೇ ಗಡಿಗೆಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ನಮ್ಮ ಆಳು ಜಡೆಪ್ಪನ ಕೈಯಲ್ಲಿ ಕಳಿಸಿದ್ದೇನೆ. ಅಂಗಳದಲ್ಲಿ ಬಿಚ್ಚು. ಶಾಸ್ತ್ರಿಗಳನ್ನು ಕರೆ, ಹೊಸ ಬೀಗನಾಗಲು ಹೊರಟವನನ್ನೂ ಕರೆ. ಹೆಡೆ ಅಗಲಿಸುತ್ತದೆ, ಧೋತರ ಒದ್ದೆ ಮಾಡಿಕೊಳ್ಳಬೇಡ. ಹೆಡೆಯ ಮೇಲೆ ನಾಗರದ ಗುರುತು ಇದೆಯೇ ನೋಡು. ಬೆನ್ನು ಸವರು. ನಾಗರದ್ದು ನುಣುಪು, ಇದರ ಒಂದೊಂದು ಹುರುಪೆಯ ಮೇಲೂ ಗೆರೆಯಂಥ ಏಣು ಎದ್ದಿದೆ, ದೊರಗು ಬೆರಳಿಗೇ ತಿಳಿಯುತ್ತದೆ. ನಿನಗೆ ಧೈರ್ಯವಿಲ್ಲದಿದ್ದರೆ ಜಡೆಪ್ಪ ಸವರಿ ತೋರಿಸುತ್ತಾನೆ. ಆಮೇಲೆ ಹುಲ್ಲಿಗೆ ಬಿಡು. ಇದನ್ನೂ ಕೊಂದರೆ ನಿನ್ನ ಹೊಸ್ತಿಲು ನಾನು ತುಳಿಯುವುದಿಲ್ಲ.

ದೋಷ ಯಾರದೆಂದು ಗೊತ್ತಾದ ಮೇಲೆ ಚಂದ್ರಣ್ಣ ತಾನೇ ಗಾಡಿ ಹೂಡಿಕೊಂಡು ಬಂದು ಹೆಂಡತಿಯನ್ನು ಕರೆಯಲಿ. ಬರುವುದೂ ಬಿಡುವುದೂ ಅವಳ ಇಷ್ಟ.

ದೇವರು ನಿನಗೆ ಬುದ್ಧಿ ಕೊಡಲಿ. ಮೊಣಕಾಲು ನೋವೂ ವಾಸಿಯಾಗಲಿ.

ಹೊನ್ನೂರಪ್ಪ

ತಾ.ಕ.: ಆಷಾಢದಲ್ಲಿ ಪಾರಮ್ಮನಿಗೆ ಹುಟ್ಟಿ ಸತ್ತ ಹೆಣ್ಣುಕೂಸನ್ನು ಹೂಳಲು ಸೂಲಗಿತ್ತಿಯ ಕೈಗೆ ಕೊಟ್ಟು ಕಳಿಸಿದಿರಿ. ಮನೆಯ ಗಂಡಸು ಒಬ್ಬನೂ ಜೊತೆಗೆ ಹೋಗಲಿಲ್ಲ. ನಿನ್ನೆ ಮಗಳು ಕೇಳಿದಳು: "ಅಪ್ಪಾ, ಹಾವ ಸುಟ್ಟ ಜಾಗಕ್ಕ ಕಲ್ಲ ನೆಟ್ಟಾರ. ನನ್ನ ಕೂಸನ್ನ ಎಲ್ಲಿ ಹೂಳ್ಯಾರಂತ ಯಾರೂ ಹೇಳವಲ್ರು." ಸೂಲಗಿತ್ತಿಯನ್ನು ಕೇಳಿ, ಆ ಜಾಗವನ್ನು ಜಡೆಪ್ಪನಿಗೆ ತೋರಿಸಿ ಕಳಿಸು.