ನನ್ನ ಗಂಡ ಅನಾಮಿಕನಲ್ಲ

ದೃಶ್ಯ ಸಂಸ್ಕೃತಿ ಮತ್ತು ಕಲಾ ಸಿದ್ಧಾಂತ ವಿಭಾಗದ ಮುಖ್ಯಸ್ಥರೇ,

'ಮಾನ್ಯರೇ' ಎಂದು ಶುರು ಮಾಡಬೇಕಂತೆ. ಆ ಮಾತು ತಮಗೆ ಸಲ್ಲುತ್ತದೋ ಇಲ್ಲವೋ ಓದುವವರು ತೀರ್ಮಾನಿಸಲಿ. ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆ ಮಷಿನ್ ತುಳಿದವಳ ಕೈಗೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಸಿದಿರಲ್ಲ, ಮೊದಲ ಸಿಟ್ಟು ಅದಕ್ಕೆ. ಎರಡನೆಯದು ದೊಡ್ಡದು: ತಾವು ನನ್ನ ಮೊಮ್ಮಗಳನ್ನು ಫೇಲ್ ಮಾಡಿ, ಅವಳು ಬರೆದದ್ದನ್ನು ತಮ್ಮ ಹೆಸರಿನಲ್ಲಿ ಗೋಡೆಗೆ ಹಾಕಿಕೊಂಡಿದ್ದೀರಿ.

ನಮ್ಮ ನಡುಕೋಣೆಯಲ್ಲಿ ಒಂದು ಫೋಟೋ ಇತ್ತು. ಅತ್ತೆ, ನಾನು, ಮಕ್ಕಳು, ಗಂಡ. ತೆಗೆಸಿದ ದಿನ ಗಂಡ ಲಾರಿ ಓಡಿಸಿಕೊಂಡು ದೂರ ಹೋಗಿದ್ದರು. ಆಗಿನ ಸ್ಟುಡಿಯೋಗಳಲ್ಲಿ ಒಂದು ವಾಡಿಕೆಯಿತ್ತು: ಬರಲಾಗದವರ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿ, ಆಮೇಲೆ ಬೇರೆ ಫೋಟೋದಿಂದ ತಲೆ ಕತ್ತರಿಸಿ ಅಂಟಿಸುತ್ತಿದ್ದರು. ನಮ್ಮಲ್ಲಿ ಮೈದುನ ನಿಂತ. ತಿರುಗಿ ಬಂದ ಗಂಡ ಫೋಟೋ ನೋಡಿ, "ತಲೆ ನಂದು, ಹೊಟ್ಟೆ ಯಾರದ್ದೇ?" ಎಂದರು.

"ನಿಮ್ಮ ತಮ್ಮಂದು. ನಿಮ್ಮ ಹೊಟ್ಟೆ ನಿಲ್ಲಿಸಿದ್ರೆ ಅತ್ತೆಗೆ ಜಾಗ ಎಲ್ಲಿರ್ತಿತ್ತು?" ಎಂದೆ.

ಮೊಮ್ಮಗಳು ಡಿಗ್ರಿಯ ಕೊನೇ ವರ್ಷದ ಪ್ರಬಂಧ ಬರೆದದ್ದು ಈ ಅಂಟಿಸಿದ ತಲೆಗಳ ಮೇಲೆ. ಇದನ್ನು ಸುಳ್ಳು ಚಿತ್ರ ಎನ್ನಬೇಡಿ, ದೂರ ಇರುವವರನ್ನೂ ಬಿಟ್ಟುಕೊಡದ ಮನೆಗಳ ಹಟ ಇದು ಎಂಬುದು ಅವಳ ವಾದ. ಅಂಥ ಫೋಟೋಗಳಿಗಾಗಿ ಮನೆ ಮನೆ ಅಲೆದು ಚಪ್ಪಲಿ ಸವೆಸಿದಳು. ನಮ್ಮ ಫೋಟೋದ ಮೂಲ ಪ್ರತಿಯೇ ಬೇಕೆಂದು ತಾವು ಹಟ ಹಿಡಿದಾಗ ಮೊಳೆಯಿಂದ ಇಳಿಸಿ ಧೂಳೊರೆಸಿ ಕೊಟ್ಟವಳು ನಾನೇ. ಪ್ರಬಂಧ ಫೇಲಾಯಿತು. ಕಾರಣ ಏನಂತೆ? 'ಅಜ್ಜಿಯ ಮಾತು ಆಕರವಾಗದು.' ಆಯಿತು ಸ್ವಾಮಿ, ನಾನು ಆಕರವಲ್ಲ. ಹಾಗಾದರೆ ತಮ್ಮ ವಿಭಾಗದ ಪ್ರದರ್ಶನದಲ್ಲಿ ನನ್ನ ಗಂಡನಿಗೇನು ಕೆಲಸ?

ಪಕ್ಕದ ಮನೆಯ ಕಾಂಪೌಂಡರ್ ಬಂದು, "ಅಜ್ಜಿ, ನಿಮ್ಮನ್ನ ಕಾಲೇಜಲ್ಲಿ ನೇತು ಹಾಕಿದಾರೆ" ಎಂದ. ಮೊಮ್ಮಗಳನ್ನು ಎಳೆದುಕೊಂಡು ಹೋದೆ. ಫೋಟೋದ ಕೆಳಗೆ 'ಅನಾಮಿಕ ಕುಟುಂಬ, ಮೂಲ ತಿಳಿದಿಲ್ಲ' ಎಂದಿತ್ತು. ಪಕ್ಕದಲ್ಲಿ ಆಳೆತ್ತರದ ಬರಹ, ತಳದಲ್ಲಿ ತಮ್ಮ ಹೆಸರು. ಓದುತ್ತಾ ಓದುತ್ತಾ ಹುಡುಗಿಯ ಮುಖ ಬಿಳುಚಿತು. "ಅಜ್ಜಿ, ಇದು ನನ್ನ ಎರಡನೇ ಅಧ್ಯಾಯ."

ನಾನು ಗಾಜಿನ ಮೇಲೆ ಕೈಯಿಟ್ಟೆ. ಕಾವಲಿನವ ಓಡಿ ಬಂದ. "ಅಜ್ಜಿ, ಮುಟ್ಟಬಾರ್ದು."

"ನನ್ನ ಗಂಡನ್ನ ಮುಟ್ಟೋಕೆ ನಿಮ್ಮ ಸಾಹೇಬ್ರ ಅಪ್ಪಣೆ ಬೇಕೇನಪ್ಪಾ?"

ಗಲಾಟೆ ಕೇಳಿ ತಾವು ಬಂದಿರಿ. ಕೈ ಕಟ್ಟಿಕೊಂಡು ನಕ್ಕಿರಿ. "ಅಮ್ಮಾ, ಇದು ಥಿಯರಿ. ನಿಮಗೆ ಅರ್ಥ ಆಗಲ್ಲ."

ಥಿಯರಿ ಅರ್ಥವಾಗುವುದಿಲ್ಲ, ಒಪ್ಪಿದೆ. ಕಳ್ಳತನ ಅರ್ಥವಾಗುತ್ತದೆ, ಅದಕ್ಕೆ ಡಿಗ್ರಿ ಬೇಡ. ನನ್ನ ಕೈಯಿಂದಲೇ ಬಂದ ಫೋಟೋದ ಮೂಲ ತಮಗೆ ತಿಳಿಯದೆ ಹೋದದ್ದು ಹೇಗೆ? ಮನೆ ಯಾವುದೆಂದು ಬರೆದರೆ ಆ ಮನೆಯ ಹುಡುಗಿಯ ಪ್ರಬಂಧವೂ ಬೆಳಕಿಗೆ ಬರುತ್ತದೆಂಬ ಭಯವೇ?

ಅವಳಿಗೆ ವಸ್ತುಸಂಗ್ರಹಾಲಯದಲ್ಲಿ ಕೆಲಸ ಕಾದಿದೆ. ತಿಂಗಳ ಕೊನೆಯೊಳಗೆ ಪದವಿ ತೋರಿಸದಿದ್ದರೆ ಅದು ಇನ್ನೊಬ್ಬರ ಪಾಲು. ಈಗ ಪುಸ್ತಕಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ ನನ್ನ ಪಕ್ಕ ಕೂತು ಗುಂಡಿ ಹೊಲಿಯುತ್ತಿದ್ದಾಳೆ, ಅದೂ ಡೊಂಕು ಡೊಂಕಾಗಿ. "ಹೋಗ್ಲಿ ಬಿಡಮ್ಮ, ದೊಡ್ಡವರ ಸಹವಾಸ" ಎನ್ನುತ್ತಾನೆ ಮಗ. ನಾನು ಬಿಡುವ ಪೈಕಿಯಲ್ಲ. ನಾಳೆಯಿಂದ ತಮ್ಮ ಬರಹದ ಕೆಳಗೇ ಕೂರುತ್ತೇನೆ. ಬಂದವರಿಗೆಲ್ಲ ಯಾವ ಸಾಲು ಯಾರದ್ದೆಂದು ಹೇಳುತ್ತೇನೆ. ತಮ್ಮ ಮೇಲಿನವರು ಬಂದರೆ ಇನ್ನಷ್ಟು ಗಟ್ಟಿಯಾಗಿ. ತಾವು ತಲೆ ತಗ್ಗಿಸಿ ಹಿಂಬಾಗಿಲಿನಿಂದ ಓಡಾಡುವುದನ್ನು ನನ್ನ ಕಣ್ಣಾರೆ ನೋಡಬೇಕು.

ಪ್ರಬಂಧವನ್ನು ಹೊರಗಿನ ಪರೀಕ್ಷಕರಿಂದ ಮತ್ತೆ ನೋಡಿಸಿ. ಬರಹದಿಂದ ತಮ್ಮ ಹೆಸರು ತೆಗೆದು ಅವಳ ಹೆಸರು ಹಾಕಿ. ಫೋಟೋ ಮನೆಗೆ ತಂದು ಕೊಡಿ, ಆಳಿನ ಕೈಯಲ್ಲಿ ಕಳಿಸಬೇಡಿ, ತಾವೇ ತನ್ನಿ. ಇದೇ ಹದಿನೆಂಟನೇ ತಾರೀಖಿನೊಳಗೆ ಲಿಖಿತ ಉತ್ತರ ಬೇಕು.

ಇಂತಿ,
ಮೊಮ್ಮಗಳ ಪದವಿ ಕೈಗೆ ಬರುವ ತನಕ ಸಾಯಲೂ ಪುರುಸೊತ್ತಿಲ್ಲದ ಅಜ್ಜಿ