ಚನ್ನರಾಯಪಟ್ಟಣಕ್ಕೆ ಮುಟ್ಟದ ಮಾತು

ಅಪ್ಪಾ,

ಕಾಗದ ಅಂದರೆ ‘ತೀರ್ಥರೂಪು ತಂದೆಯವರಿಗೆ’ ಅಂತಲೇ ಶುರುವಾಗಬೇಕು ಎಂದು ಕಲಿಸಿದವನು ನೀನು. ಇವತ್ತು ಅಷ್ಟು ಮರ್ಯಾದೆ ಕೊಡಲು ಕೈ ಒಪ್ಪುತ್ತಿಲ್ಲ. ಬರೀ ಅಪ್ಪ ಅಂತ ಇರಲಿ. ನೀನು ಹೋಗಿ ವರ್ಷ ತುಂಬಿತು. ಮೊನ್ನೆ ಎಡೆ ಇಟ್ಟು, ನಿನಗಿಷ್ಟದ ಕಜ್ಜಾಯ ಮಾಡಿ, ಎಲ್ಲರೂ ನಿನ್ನ ಫೋಟೋಕ್ಕೆ ಕೈಮುಗಿದರು. ನಾನೂ ಮುಗಿದೆ, ಒಳಗೊಳಗೇ ಬೈಯುತ್ತಾ ಮುಗಿದೆ. ಯಾಕೆ ಅಂತ ನಿನಗೆ ಗೊತ್ತು. ಗೊತ್ತಿಲ್ಲದವನ ಹಾಗೆ ಮಾಡಬೇಡ, ಓದು.

ಹೊಳೆನರಸೀಪುರದಲ್ಲಿ ನಾನು ರೂಮು ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದ ದಿನಗಳು ನೆನಪಿವೆಯಾ? ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ನೀನು. ಬೆಳಿಗ್ಗೆ ಅವ್ವ ಕ್ಯಾರಿಯರ್‌ಗೆ ಮುದ್ದೆ, ಸಾರು ತುಂಬಿ, ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ, ‘ಸವಿತ’ ಅಂತ ಚೀಟಿ ಸಿಕ್ಕಿಸಿ ಕೊಡುತ್ತಿದ್ದಳು. ನನ್ನದೊಂದೇ ಅಲ್ಲ. ದಾರಿಯುದ್ದಕ್ಕೂ ಮನೆಮನೆಯವರು ಗಂಟು, ಚೀಲ, ಔಷಧಿ ಬಾಟಲಿ ತಂದು ನಿನ್ನ ಸೀಟಿನ ಪಕ್ಕ ಇಡುತ್ತಿದ್ದರು. ಒಂದು ದಿನ ನಾನೂ ಬಸ್ಸಿನಲ್ಲಿದ್ದೆ. ಯಾರೋ ಒಬ್ಬ ಗಂಟಿನ ಮೇಲೆ ಕೈಯಿಟ್ಟು, “ಏನೈತೆ ಕಂಡಕ್ಟ್ರೇ ಇದ್ರಾಗೆ, ಗಮ್ ಅಂತೈತಲ್ಲ” ಅಂದ. ನೀನು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಬಂದೆ. “ಏನಾರ ಇರ್ಲಿ ಕಣಯ್ಯ, ನಿಂಗ್ಯಾಕೆ? ನಂಗೂ ಬ್ಯಾಡ. ಚೀಟೀಲಿ ಎಸ್ರು ನೋಡಾದು, ಇಳ್ಸಾದು. ಅಷ್ಟೇಯ ನನ್ ಕೆಲ್ಸ. ತಗಿ ಕೈಯ.” ಬಸ್ಸಿನವರೆಲ್ಲ ನಕ್ಕರು. ನಾನು ಮಾತ್ರ ಹೆಮ್ಮೆಯಿಂದ ಉಬ್ಬಿಹೋಗಿದ್ದೆ.

ಹಾಸನದ ಪಾಲಿಟೆಕ್ನಿಕ್‌ನಲ್ಲಿ ಮೊದಲ ಸಲ ಡೇಟಾ ಕಮ್ಯುನಿಕೇಶನ್ ಪಾಠಕ್ಕೆ ನಿಂತಾಗ ನನ್ನ ಕೈ ಹಿಡಿದದ್ದು ಆ ಬಸ್ಸೇ. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಸುದ್ದಿ ಹೋಗುವುದು ಏಳು ಪದರಗಳ ಮೂಲಕ ಅಂತ ಬೋರ್ಡಿನ ಮೇಲೆ ಏಳು ಗೆರೆ ಎಳೆದರೆ ಮಕ್ಕಳು ತೂಕಡಿಸುತ್ತಿದ್ದವು. ಆಗ ಗೆರೆ ಒರೆಸಿ ನಿನ್ನ ಬಸ್ಸು ಬರೆದೆ. ಅವ್ವ ಅಡುಗೆ ಮಾಡುತ್ತಾಳೆ, ಡಬ್ಬಿಗೆ ತುಂಬುತ್ತಾಳೆ, ಬಟ್ಟೆ ಕಟ್ಟುತ್ತಾಳೆ, ಹೆಸರು ಹಚ್ಚುತ್ತಾಳೆ. ಕಂಡಕ್ಟರು ಹೆಸರು ನೋಡುತ್ತಾನೆ, ಡ್ರೈವರು ಬಸ್ಸು ಓಡಿಸುತ್ತಾನೆ. ಆ ಕಡೆ ಹೆಸರು ನೋಡಿ ಇಳಿಸಿಕೊಂಡು, ಗಂಟು ಬಿಚ್ಚಿ, ಡಬ್ಬಿ ತೆಗೆದು, ಕೊನೆಗೆ ಉಣ್ಣುವುದು. ಕಟ್ಟಿದ್ದೆಲ್ಲ ಹಿಂದುಮುಂದಾಗಿ ಬಿಚ್ಚಿಕೊಳ್ಳುತ್ತದೆ. ಅವ್ವನಿಗೆ ಬಸ್ಸಿನ ಗೇರು ಗೊತ್ತಿರಬೇಕಾಗಿಲ್ಲ, ಡ್ರೈವರಿಗೆ ಸಾರಿನ ಉಪ್ಪು ಗೊತ್ತಿರಬೇಕಾಗಿಲ್ಲ. ಅವರವರ ಕೆಲಸ ಅವರವರಿಗೆ. ಮಧ್ಯದಲ್ಲಿ ಹೊತ್ತುಕೊಂಡು ಹೋಗುವವನು ಒಳಗೆ ಏನಿದೆ ಅಂತ ಇಣುಕಿ ನೋಡಬಾರದು. “ನಮ್ಮಪ್ಪ ಒಂದು ದಿನವೂ ಇಣುಕಿದವನಲ್ಲ” ಅಂತ ಪ್ರತಿ ಬ್ಯಾಚಿಗೂ ಹೇಳಿದೆ ಅಪ್ಪಾ. ಎಷ್ಟು ಬ್ಯಾಚು!

ಒಂದು ವರ್ಷ ಕಟ್ಟಾಯದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಊಟ ಮುಟ್ತು ಅಂತ ನಿಮ್ಮವ್ವಂಗೆ ಎಂಗ್ ಗೊತ್ತಾಗದು ಮೇಡಂ?” ಅಂತ ಕೇಳಿದಳು. ಪಾಠದ ಜೀವಾಳವೇ ಅದು. ಪಾತ್ರೆ ಖಾಲಿ ವಾಪಸು ಕೊಡಬಾರದು ಅಂತ ನಮ್ಮ ಕಡೆ ಶಾಸ್ತ್ರ ಇದೆಯಲ್ಲ, ಹಾಗಾಗಿ ನಾನು ತೊಳೆದ ಕ್ಯಾರಿಯರ್‌ಗೆ ಒಂದು ಹಿಡಿ ಕಡಲೆಪುರಿ ಹಾಕಿ ಸಾಯಂಕಾಲದ ಟ್ರಿಪ್ಪಿಗೆ ಕೊಡುತ್ತಿದ್ದೆ. ಪುರಿ ಕಂಡರೆ ಅವ್ವನಿಗೆ ಸಮಾಧಾನ. ಕಂಡಕ್ಟರು “ಕೊಟ್ಟೆ” ಅಂದರೆ ಅದು ಕಂಡಕ್ಟರ ಮಾತು ಅಷ್ಟೇ. ಮುಟ್ಟಿತು ಅನ್ನಬೇಕಾದವರು ಪಡೆದವರು. ಅದನ್ನೇ ಅಕ್ನಾಲೆಜ್‌ಮೆಂಟ್ ಅನ್ನುವುದು ಅಂತ ಹೇಳಿಕೊಟ್ಟೆ. ಹೇಳಿಕೊಡುವಾಗ ನನ್ನ ಬದುಕಿನಲ್ಲೇ ಆ ಪುರಿ ಬಂದಿರಲಿಲ್ಲ ಅಂತ ಯಾಕೆ ಹೊಳೆಯಲಿಲ್ಲವೋ...

ಡಿಪ್ಲೊಮಾ ಮುಗಿಸಿ ಮನೆಗೆ ಬಂದ ಆ ಬೇಸಿಗೆಯಲ್ಲಿ ನಾನು ನಿನ್ನ ಮುಂದೆ ನಿಂತಿದ್ದೆ. ನೀನು ಜಗಲಿಯಲ್ಲಿ ಕೂತು ಶೂ ಬಿಚ್ಚುತ್ತಿದ್ದೆ. ಜಿನೇಂದ್ರ ನಿನಗೆ ಗೊತ್ತಿದ್ದವನೇ. ನನ್ನ ಕ್ಲಾಸಿನವನು, ಚನ್ನರಾಯಪಟ್ಟಣದಲ್ಲಿ ಅವರ ಪಾತ್ರೆ ಅಂಗಡಿ, ಜೈನರು. ಅವನು ಪರೀಕ್ಷೆಯ ಕೊನೆಯ ದಿನ ನನ್ನನ್ನು ಮದುವೆಯಾಗುತ್ತೀಯಾ ಅಂತ ಕೇಳಿದ್ದ, ನಾನು ಮನೆಗೆ ಹೋಗಿ ಹೇಳುತ್ತೇನೆ ಅಂದಿದ್ದೆ. ಕದ್ದು ಮಾಡುವ ಕೆಲಸ ಬೇಡ ಅಂತ ನೇರ ನಿನ್ನ ಹತ್ತಿರವೇ ಬಂದೆ. “ಅಪ್ಪಾ, ನಂಗೆ ಒಪ್ಪಿಗೆ ಐತೆ. ಅವ್ರ ಮನೆಯವ್ರು ಬಂದು ನಿನ್ ತಾವ ಮಾತಾಡ್ಲಿ ಅಂತ ಜಿನೇಂದ್ರಂಗೆ ಹೇಳು” ಅಂದೆ. ನೀನು ಬಿಚ್ಚಿದ ಶೂ ಎರಡನ್ನೂ ಗೋಡೆಗೆ ಜೋಡಿಸಿಟ್ಟೆ. ಆಮೇಲೆ, “ಆಯ್ತು, ಯೋಳ್ತೀನಿ” ಅಂದೆ. ಮಾರನೆಯ ದಿನ ಟ್ರಿಪ್ಪು ಮುಗಿಸಿ ಬಂದವನು ಕೈಕಾಲು ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದೆ: “ಯೋಳ್ದೆ ಕಣವ್ವ. ಏನೂ ಮಾತಾಡ್ನಿಲ್ಲ ಆ ಉಡ್ಗ.”

ಅಷ್ಟೇ. ನಾನು ನಂಬಿದೆ. ಅವರ ಅಂಗಡಿಯಲ್ಲಿ ಫೋನಿತ್ತು. ಆದರೆ ಸುದ್ದಿ ಮುಟ್ಟಿಯೂ ಸುಮ್ಮನಿದ್ದವನನ್ನು ಮೇಲೆ ಬಿದ್ದು ಕೇಳುವ ಜಾಯಮಾನ ನನ್ನದಲ್ಲ. ನನ್ನ ಮುಖಕ್ಕೆ ಏನು ಕಡಿಮೆ, ನನ್ನ ಜಾತಿಗೆ ಏನು ಕಡಿಮೆ ಅಂತ ನನ್ನನ್ನೇ ನಾನು ಕೊರೆದುಕೊಂಡೆ. ನೀನು ನೋಡುತ್ತಿದ್ದೆ. ಊಟ ಬಿಟ್ಟಾಗ ತಲೆ ಸವರಿ, “ಓಗ್ಲಿ ಬುಡು ಮಗಾ, ಅವ್ನಿಗೆ ಯೋಗ ಇಲ್ಲ” ಅಂದೆ. ಅದು ಹೇಗೆ ಸವರಿದೆಯಪ್ಪಾ ಆ ಕೈಯಲ್ಲಿ?

ಈ ಸಲದ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಎಕ್ಸಾಮಿನರ್ ಯಾರು ಅಂದುಕೊಂಡೆ? ಜಿನೇಂದ್ರ. ತಲೆ ನೆರೆತಿದೆ, ಕನ್ನಡಕ ಬಂದಿದೆ, ಅವನೂ ಮೇಷ್ಟ್ರಾಗಿದ್ದಾನೆ. ನಾನು ಬೇಕಂತಲೇ ಬಿಗಿಯಾಗಿದ್ದೆ. ವೈವಾದಲ್ಲಿ ಅವನು ದುದ್ದದ ಹುಡುಗನೊಬ್ಬನಿಗೆ ಅಕ್ನಾಲೆಜ್‌ಮೆಂಟ್ ಯಾರು ಕೊಡಬೇಕು ಅಂತ ಕೇಳಿದ. ಹುಡುಗ ಪಟಪಟನೆ, “ಪಡ್ದೋರೇ ಕೊಡ್ಬೇಕು ಸಾ. ಕಂಡಕ್ಟ್ರು ಕೊಟ್ಟೆ ಅಂದ್ರೆ ಲೆಕ್ಕುಕ್ಕಿಲ್ಲ” ಅಂದ. “ಯಾವ ಕಂಡಕ್ಟರಪ್ಪ?” “ನಮ್ ಮೇಡಂ ಅವ್ರ ತಂದೆ ಸಾ. ಅರಕಲಗೂಡು ಬಸ್ಸು.” ಜಿನೇಂದ್ರ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದ. ಪಾಪ, ಉತ್ತರ ತಪ್ಪಾಯಿತೇನೋ ಅಂತ ಹುಡುಗ ಬೆವೆತುಹೋದ.

ಊಟದ ಹೊತ್ತಿಗೆ ಲ್ಯಾಬಿನಲ್ಲಿ ನಾವಿಬ್ಬರೇ ಉಳಿದಾಗ ಅವನು ಕೇಳಿದ: “ಸವಿತಾ, ಆವತ್ತು ಒಂದ್ ಮಾತು ಹೇಳಿ ಕಳ್ಸಕ್ಕೆ ನಿಂಗೇನಾಗಿತ್ತು?” ನನಗೆ ರೇಗಿತು. ಕಳಿಸಿದ್ದೆನಲ್ಲ, ನೀನೇ ಬಾಯಿ ಬಿಡಲಿಲ್ಲವಲ್ಲ ಅಂದೆ. ಯಾವ ಮಾತು, ಯಾರ ಕೈಲಿ ಅಂತ ಅವನು ಕೇಳಿದ. ಅವನಿಗೆ ಯಾವ ಮಾತೂ ಮುಟ್ಟಿರಲಿಲ್ಲ ಅಪ್ಪಾ. ಕಾದು ಕಾದು ಸಾಕಾಗಿ ಅವನೇ ಒಂದು ದಿನ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿಗೆ ಬಂದು ನಿನ್ನನ್ನು ಕೇಳಿದನಂತೆ. ನೀನು ಅವನಿಗೆ ಕಾಫಿ ಕೊಡಿಸಿದೆಯಂತೆ. ಕಾಫಿ! ಕೊಡಿಸಿ, “ಅವ್ಳು ಬ್ಯಾರೆ ಕಡೆ ಒಪ್ಕೊಂಡವ್ಳೆ ಕಣಪ್ಪ, ನಿಂಗೆ ಯೋಳು ಅಂದ್ಲು” ಅಂದೆಯಂತೆ. ಆಗ ನನಗೆ ಒಂದು ಗಂಡೂ ನೋಡಿರಲಿಲ್ಲ. ನನ್ನ ಮಾತನ್ನು ಅಲ್ಲಿಗೆ ಮುಟ್ಟಿಸಲಿಲ್ಲ, ಸರಿ. ನಾನು ಆಡದ ಮಾತನ್ನು ನನ್ನ ಹೆಸರು ಹಚ್ಚಿ ಕೊಟ್ಟೆಯಲ್ಲ, ಅದಕ್ಕೆ ಏನನ್ನಲಿ?

ಯಾರಿಗೆ ಹೆದರಿದೆ ನೀನು? ಜಾತಿ ಜಾತಿ ಅನ್ನುತ್ತಿದ್ದ ದುದ್ದದ ದೊಡ್ಡಪ್ಪನಿಗಾ? ಜಿನೇಂದ್ರನ ಮನೆಯವರು ಈರುಳ್ಳಿ ಮುಟ್ಟದವರು, ನಾವು ಭಾನುವಾರ ಬಂದರೆ ಕೋಳಿ ಕುಯ್ಯುವವರು ಅಂತಲಾ? ಹಾಗಿದ್ದರೆ ಬೇಡ ಅನ್ನಬಹುದಿತ್ತು. ನಾನು ಕೂಗಾಡುತ್ತಿದ್ದೆ, ಅಳುತ್ತಿದ್ದೆ, ಒಂದು ವಾರ ನಿನ್ನ ಮುಖ ನೋಡುತ್ತಿರಲಿಲ್ಲ. ಗೆಲ್ಲುತ್ತಿದ್ದೆನೋ ಸೋಲುತ್ತಿದ್ದೆನೋ, ಸೋತರೂ ನಿನ್ನ ಮೇಲೆ ಸಿಟ್ಟಿರುತ್ತಿತ್ತು, ನನ್ನ ಮೇಲೆ ಅಸಹ್ಯ ಇರುತ್ತಿರಲಿಲ್ಲ. ನೀನು ನೋಡಿ ತಂದ ಅಳಿಯ ಒಳ್ಳೆಯವರು, ಅವರ ಬಗ್ಗೆ ನನ್ನ ದೂರಿಲ್ಲ. ಜಿನೇಂದ್ರನಿಗೂ ಹೆಂಡತಿ ಮಕ್ಕಳಿದ್ದಾರೆ. ಮದುವೆ ತಪ್ಪಿತು ಅಂತ ಈ ವಯಸ್ಸಿನಲ್ಲಿ ನಾನು ಅಳುತ್ತಿಲ್ಲ. ಇಷ್ಟು ವರ್ಷ ನಾನು ಒಬ್ಬ ಗಂಡಸಿಗೆ ಉತ್ತರಕ್ಕೂ ಯೋಗ್ಯಳಲ್ಲದವಳು ಅಂದುಕೊಂಡು ಬದುಕಿದೆನಲ್ಲ, ಅದು ನಿನ್ನ ಕೈಯಡುಗೆ.

ಹೋದ ತಿಂಗಳು ಹೊಸ ಬ್ಯಾಚಿಗೆ ಅದೇ ಪಾಠ ಬಂತು. ಏಳು ಗೆರೆ ಎಳೆದು, ಪುಸ್ತಕದಲ್ಲಿದ್ದಷ್ಟು ಓದಿ ಮುಗಿಸಿದೆ. ಮಕ್ಕಳು ತೂಕಡಿಸಿದವು. ಹಿಂದಿನ ಬೆಂಚಿನಿಂದ ಒಬ್ಬಳು, “ಬಸ್ ಕತೆ ಹೇಳ್ತೀರಾ ಅಂತ ಸೀನಿಯರ್ಸ್ ಅಂದಿದ್ರು ಮೇಡಂ” ಅಂದಳು. ಆ ಬಸ್ಸು ಈಗ ಓಡುತ್ತಿಲ್ಲ ಅಂದೆ. ಸ್ಟಾಫ್‌ರೂಮಿಗೆ ಬಂದು ನೀರು ಕುಡಿದು ಕೂತೆ.

ಇನ್ನೊಂದು ಸುದ್ದಿ ಇದೆ, ಅದು ನಿನಗೆ ಗೊತ್ತಿರಲು ಸಾಧ್ಯವೇ ಇಲ್ಲ. ನಿನ್ನ ಮೊಮ್ಮಗಳು ಚೈತ್ರ ಮೊನ್ನೆ ಭಾನುವಾರ ಅಡುಗೆಮನೆಗೆ ಬಂದು ನನ್ನ ಸೆರಗು ಹಿಡಿದುಕೊಂಡಳು. ಜೊತೆಯಲ್ಲಿ ಓದುವ ಹುಡುಗನೊಬ್ಬನ ಹೆಸರು ಹೇಳಿ, ಅವನನ್ನೇ ಮದುವೆಯಾಗುತ್ತೇನೆ ಅಂದಳು. “ಅಪ್ಪನ್ ಹತ್ರ ನೀನೇ ಹೇಳಮ್ಮ ಪ್ಲೀಸ್” ಅಂದಳು. ಆ ಹುಡುಗನನ್ನು ನಾನು ನೋಡಿದ್ದೇನೆ, ನನಗೆ ಸರಿಬರಲಿಲ್ಲ. “ಆಯ್ತು, ಹೇಳ್ತೀನಿ” ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಥೇಟ್ ನಿನ್ನ ದನಿಯಲ್ಲಿ. ಎಷ್ಟು ಸುಲಭ ಇತ್ತು ಗೊತ್ತಾ? ಹೇಳಿದೆ ಅಂದುಬಿಟ್ಟರೆ ಮುಗಿಯಿತು, ತಲೆ ಸವರಿ ಮಲಗಿಸಬಹುದು.

ಒಲೆ ಆರಿಸಿದೆ. “ನಂಗೆ ಆ ಹುಡುಗ ಇಷ್ಟ ಇಲ್ಲ ಕಣೇ. ಆದ್ರೆ ನಿಮ್ಮಪ್ಪನ ಹತ್ರ ನೀನೇ ಹೇಳು, ಅವ್ರ ಉತ್ತರ ನೀನೇ ಕೇಳಿಸ್ಕೊ” ಅಂದು ಕೈ ಹಿಡಿದು ಹಾಲ್‌ಗೆ ಕರೆದುಕೊಂಡು ಹೋದೆ. ದೊಡ್ಡ ಜಗಳವೇ ಆಯಿತು. ಅವಳು ಬಾಗಿಲು ಬಡಿದುಕೊಂಡಳು, ಇವರು ಊಟ ಬಿಟ್ಟರು, ನಾನು ಅತ್ತೆ. ಇನ್ನೂ ಮುಗಿದಿಲ್ಲ. ಇವತ್ತು ಬೆಳಿಗ್ಗೆ ತಿಂಡಿಗೆ ಬಂದವಳು ನನ್ನ ಕಣ್ಣಿಗೆ ಕಣ್ಣಿಟ್ಟು, “ನೀನು ಸರಿ ಇಲ್ಲಮ್ಮ” ಅಂದಳು.

ಆ ಮಾತು ನನ್ನ ಬಾಯಿಂದ ನಿನಗೂ ಸಿಗಬೇಕಾಗಿತ್ತು ಅಪ್ಪಾ. ನೀನು ಬದುಕಿದ್ದಾಗ.

ಸವಿತ