ಅರ್ಜಿಯ ಏಳನೇ ಸಾಲು

ಶುಕ್ರವಾರ, ಸಂಜೆ

ಪ್ರೀತಿಯ ಅಕ್ಕನಿಗೆ,

ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ.

ಈ ಪರದೇಶದ ಊರಿಗೆ ಬಂದು ಮಗಳನ್ನು ಶಾಲೆಗೆ ಸೇರಿಸುವಾಗ ಒಂದು ಅರ್ಜಿ ತುಂಬಿಸಿಕೊಂಡಿದ್ದರು. ಏಳನೇ ಸಾಲಿನಲ್ಲಿ, ಮನೆಯಲ್ಲಿ ಆಡುವ ಭಾಷೆ ಯಾವುದೆಂದು ಕೇಳಿತ್ತು. ಕನ್ನಡವೆಂದರೆ ಸೇರಿಸಿಕೊಳ್ಳುವುದಿಲ್ಲವೇನೋ ಎಂದು ಹೆದರಿ ಇಂಗ್ಲಿಷ್ ಎಂದು ಬರೆದೆ. ಇಂಗ್ಲಿಷ್ ಹೊಸದಾಗಿ ಕಲಿಯುವ ಮಕ್ಕಳಿಗೆ ಅಲ್ಲಿ ಬೇರೆ ಕೊಠಡಿ, ಬೇರೆ ಟೀಚರ್ ಇದ್ದಾರೆ, ಆ ಮಕ್ಕಳನ್ನು ಆರಿಸುವುದೇ ಆ ಸಾಲು ನೋಡಿ ಎಂದು ನನಗೇನು ಗೊತ್ತು?

ಅಷ್ಟಕ್ಕೇ ಬಿಡಲಿಲ್ಲ. ಸುಳ್ಳು ಹೊರಬೀಳಬಾರದೆಂದು, ಶಾಲೆಯಲ್ಲಿ ಕನ್ನಡದ ಒಂದು ಮಾತೂ ಆಡಕೂಡದೆಂದು ಇವಳಿಂದ ಆಣೆ ಹಾಕಿಸಿಕೊಂಡೆ. ಮನೆಯಲ್ಲಿ ಪಟಪಟ ಎನ್ನುವ ನಿನ್ನ ಮಾತಿನಮಲ್ಲಿ ಅಲ್ಲಿ ನಾಲ್ಕು ತಿಂಗಳು ತುಟಿ ಪಿಟಕ್ಕೆನ್ನಲಿಲ್ಲ. ಇಂಗ್ಲಿಷ್ ಬಾರದು, ಕನ್ನಡ ಕೂಡದು, ಮಗು ಇನ್ನೇನು ಮಾಡೀತು?

ಇವತ್ತು ಹನ್ನೊಂದಕ್ಕೆ ಕರೆದಿದ್ದರು. ಲಾಂಡ್ರಿಯಲ್ಲಿ ಇಸ್ತ್ರಿ ಅರ್ಧಕ್ಕೆ ಬಿಟ್ಟು ಓಡಿದೆ. ಮೇಜಿನಾಚೆ ಹೆಡ್‌ಮಿಸ್, ತರಗತಿಯ ಟೀಚರ್, ದಪ್ಪ ಕನ್ನಡಕದ ಇನ್ನೊಬ್ಬರು. ಕಿವಿ ಸರಿಯಿದೆ, ಆದರೂ ಮಾತಿಲ್ಲ, ಮಾತು ಬಾರದ ಮಕ್ಕಳ ಶಾಲೆಗೆ ಕಳಿಸೋಣವೆಂದು ಹೆಡ್‌ಮಿಸ್ ನಿಧಾನವಾಗಿ ಬಿಡಿಸಿ ಹೇಳಿದರು. ನನ್ನ ಹರಕು ಇಂಗ್ಲಿಷಿಗೂ ಅರ್ಥವಾಯಿತು. ಒಪ್ಪಿಗೆಯ ಕಾಗದ ಮುಂದಿಟ್ಟು ಪೆನ್ನು ಕೊಟ್ಟರು. ಬಾಗಿಲ ಬಳಿಯ ಪುಟ್ಟ ಕುರ್ಚಿಯಲ್ಲಿ ಕೂತು ಇವಳು ನನ್ನನ್ನೇ ನೋಡುತ್ತಿದ್ದಳು. ನಾನು ನಿಜ ಹೇಳಿದ ಮೇಲೆ ಸುಳ್ಳು ಅರ್ಜಿಯೆಂದು ಇವಳನ್ನು ಶಾಲೆಯಿಂದಲೇ ತೆಗೆದುಹಾಕಿದರೆ? ಸಹಿಯ ಮೊದಲ ಅಕ್ಷರ ಬರೆದೂ ಬಿಟ್ಟೆ, ಅಕ್ಕ.

ಮುಂದಕ್ಕೆ ಕೈ ಏಳಲಿಲ್ಲ. ಗೊತ್ತಿದ್ದ ನಾಲ್ಕು ಪದ ಕೂಡಿಸಿ, ಏಳನೇ ಸಾಲು ಸುಳ್ಳು, ಇವಳ ಬಾಯಿ ಕಟ್ಟಿದವಳೂ ನಾನೇ ಎಂದೆ. ಕನ್ನಡಕದವರು ಎದ್ದುಹೋಗಿ ಒಂದು ಚಿತ್ರದ ಪುಸ್ತಕ ತಂದು ಇವಳ ತೊಡೆಯ ಮೇಲಿಟ್ಟು, ನಿಮ್ಮ ಭಾಷೆಯಲ್ಲೇ ಹೇಳಲಿ ಎಂದು ನನಗೆ ಸನ್ನೆ ಮಾಡಿದರು. ಇಂಗ್ಲಿಷ್ ಕಲಿಸುವ ಆ ಬೇರೆ ಕೊಠಡಿಯ ಟೀಚರ್ ಅವರೇ.

"ಅಮ್ಮ, ಆಣೆ?" ಎಂದಳು ಇವಳು, ಉಸಿರಿನಲ್ಲೇ.

"ಅದು ನಂದೇ ತಪ್ಪು ಕಂದ. ಹೇಳು," ಎಂದೆ.

ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಚಿತ್ರದ ನಾಯಿಯ ಕಥೆ, ಆ ನಾಯಿಯ ಅಜ್ಜಿಯ ಕಥೆ, ಚಿತ್ರದಲ್ಲಿಲ್ಲದ ಬೆಕ್ಕಿನ ಜಗಳ. ಒಂದು ಪದವೂ ತಿಳಿಯದ ಆ ಟೀಚರ್ ತಲೆದೂಗುತ್ತ ಕೇಳಿದರು. ಹೆಡ್‌ಮಿಸ್ ಆ ಕಾಗದವನ್ನು ಹರಿದರು. ನಾನು ಅಲ್ಲೇ ಅತ್ತುಬಿಟ್ಟೆ.

ಸೋಮವಾರದಿಂದ ದಿನಾ ಒಂದು ಗಂಟೆ ಆ ಕೊಠಡಿ. ಮೊದಲು ಕನ್ನಡದಲ್ಲೇ ಬರೆಯಬಹುದಂತೆ, ಪಕ್ಕದಲ್ಲಿ ಒಂದೊಂದೇ ಇಂಗ್ಲಿಷ್ ಪದ ಸೇರಿಸುತ್ತಾರಂತೆ. ಮನೆಯಲ್ಲಿ ಕನ್ನಡ ಬಿಡಲೇಬೇಡಿ ಎಂದರು.

ನಿನ್ನ ಬೈಗುಳಕ್ಕೆ ಕಾಯುತ್ತಿರುವ,
ತಂಗಿ

ತಾ.ಕ.: ಮರೆತದ್ದಲ್ಲ, ಧೈರ್ಯ ಸಾಲದೆ ಉಳಿದದ್ದು. ಹೋದ ತಿಂಗಳು ಇವಳೇ ಇಂಗ್ಲಿಷಿನಲ್ಲಿ ಬರೆದಳೆಂದು ಹೇಳಿ ನಾನು ಕಳಿಸಿದ ಪತ್ರವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಿದ್ದೀಯಂತೆ. ಅದನ್ನು ಬರೆದುಕೊಟ್ಟದ್ದು ಲಾಂಡ್ರಿಯ ಯಜಮಾನಿ. ತೆಗೆದುಬಿಡು. ಈ ಲಕೋಟೆಯೊಳಗಿನ ಚೀಟಿ ಇವಳದೇ, ಇವತ್ತು ಆ ಟೀಚರ್ ಪಕ್ಕದಲ್ಲಿ ಕೂತು ಬರೆದದ್ದು. ಮೂರು ಇಂಗ್ಲಿಷ್ ಪದ, ಅದರಲ್ಲಿ ಎರಡು ತಪ್ಪು. ಅದೇ ಜಾಗಕ್ಕೆ ಅಂಟಿಸು.